ನಮ್ಮ ಟಿಬುರ್ಸಿಯೊನ ವಯಸ್ಸು ಕೇಳಿದವರಿಗೆ

ಮಾನ್ಯ ವಯೋದೃಢೀಕರಣಾಧಿಕಾರಿಗಳೇ,

ನಮ್ಮ ಟಿಬುರ್ಸಿಯೊನ ಕಂಪ್ಯೂಟರ್ ಖಾತೆಗೆ ನಿಮ್ಮ ಕಾನೂನು ಬೀಗ ಹಾಕಿದೆ. ಕಾರ್ನಿವಲ್ ಹಬ್ಬ ಬರುವುದರೊಳಗೆ ಅದನ್ನು ತೆಗೆಸಿಕೊಡಿ ಎಂದು ಕೇಳಲು ಈ ಪತ್ರ. ಗುರುತಿನ ಚೀಟಿ ತೋರಿಸಲಿಲ್ಲ ಎಂಬುದು ಅವನ ಮೇಲಿನ ಆರೋಪ. ಆರೋಪ ನಿಜ. ಹಳೆಯ ಪತ್ರಿಕೆ, ಅಂಟು, ಬಿದಿರು, ಬಟ್ಟೆ ಇಷ್ಟರಿಂದ ಆದವನು ಅವನು. ಚೀಟಿಗೆ ಬೇಕಾಗಿದ್ದ ಕಾಗದವೆಲ್ಲ ಅವನ ತಲೆಗೇ ಖರ್ಚಾಗಿದೆ.

ಒಲಿಂಡಾದ ಇಳಿಜಾರಿನ ಒಂದು ಬೀದಿಯಲ್ಲಿ ನಾವು ಗಾರುಡಿ ಗೊಂಬೆ ಮಾಡುವವರು. ಎರಡಾಳೆತ್ತರದ ಗೊಂಬೆಗಳು, ಒಳಗೆ ಟೊಳ್ಳು. ನಾನು ಮುಖ ಬರೆಯುತ್ತೇನೆ, ವಾಲ್ಮೀರ್ ಹೊತ್ತು ಕುಣಿಯುತ್ತಾನೆ, ಜಂಡೀರಾ ಅಂಗಿ ಹೊಲಿಯುತ್ತಾಳೆ. ಜಂಡೀರಾ ಅವಳ ನಿಜವಾದ ಹೆಸರಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ. ಗೊಂಬೆಯ ಹೆಸರನ್ನೂ ಬದಲಿಸಿದ್ದೇನೆ, ಅವನು ಆಕ್ಷೇಪಿಸಲಿಲ್ಲ. ನಿಮಗೆ ನಿಜವಾದ ಹೆಸರು ಗೊತ್ತೇ ಇರುತ್ತದೆ. ನಿಮಗೆ ಗೊತ್ತಿಲ್ಲದ್ದು ಏನಿದೆ?

ನಮ್ಮ ಕಡೆಯ ರೂಢಿಯೆಂದರೆ, ಕಾರ್ಯಾಗಾರದ ವ್ಯವಹಾರವೆಲ್ಲ ಹಿರಿಯ ಗೊಂಬೆಯ ಹೆಸರಿನಲ್ಲಿ ನಡೆಯುತ್ತದೆ. ಮದುವೆಯ ಕರೆಯೋಲೆ ಟಿಬುರ್ಸಿಯೊಗೆ ಬರುತ್ತದೆ, ಸತ್ತವರ ಮನೆಗೆ ಹೂವು ಟಿಬುರ್ಸಿಯೊ ಕಳಿಸುತ್ತಾನೆ. ಅವನ ಹುಟ್ಟುಹಬ್ಬಕ್ಕೆ ಬೀದಿಯವರೆಲ್ಲ ಸೇರಿ ಪೇರಲೆ ಪಾಕ ಸವರಿದ ಸುರುಳಿ ಕೇಕು ಕತ್ತರಿಸುತ್ತೇವೆ. ಇನ್ನೊಂದು ರೂಢಿಯೂ ಇದೆ. ಗೊಂಬೆಯ ಹೊಟ್ಟೆಯಲ್ಲಿ ಒಂದು ಕಿಂಡಿ, ಕಿಂಡಿಯ ಹಿಂದೆ ಎರಡು ಕಣ್ಣು. ಆ ಕಣ್ಣು ಯಾರವೆಂದು ಯಾರೂ ಕೇಳುವುದಿಲ್ಲ. ಬಗ್ಗಿ ನೋಡಿದವನನ್ನು ಕುಡಿದವನೆಂದೋ ಪೊಲೀಸನೆಂದೋ ತಿಳಿಯುತ್ತಾರೆ.

ನಮ್ಮ ಒಂದೇ ಒಂದು ಕಂಪ್ಯೂಟರೂ ಅವನ ಹೆಸರಿನಲ್ಲೇ ಇತ್ತು. ಯಾರು ಬೇಕಾದರೂ ಕೂರಬಹುದು, ಕೂತವರೆಲ್ಲ ಟಿಬುರ್ಸಿಯೊ. ಹೀಗಿರುವಾಗ ಒಂದು ಬೆಳಿಗ್ಗೆ ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಹೊಸದಾಗಿ, ಹೊಸ ಕಾನೂನಿನ ಪ್ರಕಾರ ಬಳಕೆದಾರನ ಹುಟ್ಟಿದ ದಿನ ಹೇಳಿ ಎಂದಿತು. ವಾಲ್ಮೀರ್ ಪ್ರಾಮಾಣಿಕ. ಕೇಕು ಕತ್ತರಿಸುವ ದಿನವನ್ನೇ ಒತ್ತಿದ. ಮುಖ ತೋರಿಸಿ ಎಂದಿತು. ಟಿಬುರ್ಸಿಯೊನನ್ನು ಬಗ್ಗಿಸಿ ಕ್ಯಾಮೆರಾದ ಮುಂದೆ ಹಿಡಿದ. ಯಂತ್ರ ಸ್ವಲ್ಪ ಯೋಚಿಸಿ, ವಯಸ್ಕರು, ಧನ್ಯವಾದ ಎಂದಿತು.

ಒಪ್ಪಿಕೊಳ್ಳುತ್ತೇನೆ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇಷ್ಟು ಕಾಲ ಮುಖ ಬರೆದರೂ ವಯಸ್ಸು ಮುಖದ ಯಾವ ಮೂಲೆಯಲ್ಲಿ ಕೂತಿರುತ್ತದೆ ಎಂದು ನನಗೆ ತಿಳಿದಿಲ್ಲ. ಕಣ್ಣಿನ ಕೆಳಗೆ ಒಂದಿಷ್ಟು ಕಂದು ಬಣ್ಣ ಎಳೆದು ದೇವರ ಮೇಲೆ ಭಾರ ಹಾಕುತ್ತೇನೆ. ನಿಮ್ಮ ಯಂತ್ರ ನನ್ನ ಕುಂಚವನ್ನು ನಂಬಿತು. ನನ್ನ ಹೆಂಡತಿಯೂ ಅಷ್ಟು ಬೇಗ ನಂಬುವುದಿಲ್ಲ.

ಆಮೇಲೆ ಜಂಡೀರಾ ಕೂತಳು. ಬೇರೆ ಮುಖ ಕಂಡರೆ ಮತ್ತೆ ಪರೀಕ್ಷೆಯಂತೆ. ಗುಂಡು ಮುಖದ ಕುಳ್ಳಿ ಅವಳು, ಐವತ್ತರ ಹತ್ತಿರ. ಯಂತ್ರ ಅವಳನ್ನು ಅಪ್ರಾಪ್ತೆ ಎಂದು ಘೋಷಿಸಿತು.

"ನೋಡ್ದೇನೋ ವಾಲ್ಮೀರ್," ಎಂದಳು. "ನನ್ ಮುಖ ನೋಡಿ ಹೀಗ್ ಹೇಳೋರು ಯಾರಾದ್ರೂ ಒಬ್ಬರು ಬರ್ತಾರೆ ಅಂತ ಕಾಯ್ತಿದ್ದೆ."

"ಕ್ಯಾಮೆರಾ ಒರೆಸ್ಬೇಕು ಕಣಕ್ಕ, ಧೂಳು ಕೂತಿದೆ."

"ನಿನ್ ಹೊಟ್ಟೆ ಉರಿಗೆ ನೀರ್ ಹಾಕ್ಕೋ ಹೋಗು."

ಯಂತ್ರ ಮುಂದುವರಿದು, ಗುರುತಿನ ಚೀಟಿಯ ಎರಡೂ ಬದಿಯ ಚಿತ್ರ ಕೊಡಿ ಅಥವಾ ಪೋಷಕರ ಒಪ್ಪಿಗೆ ತನ್ನಿ ಎಂದಿತು. ಜಂಡೀರಾಳ ನಗು ಅಲ್ಲಿಗೆ ನಿಂತಿತು. "ಚೀಟಿ ಮಾತ್ರ ಕೊಡಲ್ಲ," ಎಂದಳು.

ಮಾನ್ಯರೇ, ಅವಳು ದೂರದ ಊರಿನಿಂದ, ಕೈ ಎತ್ತುವ ಗಂಡನನ್ನು ಬಿಟ್ಟು ಬಂದವಳು. ಅವನಿಗೆ ಕಚೇರಿಗಳಲ್ಲಿ ಬಹಳ ಸ್ನೇಹಿತರು. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಅವಳು ಯಾವುದೋ ಅರ್ಜಿಗೆ ಚೀಟಿ ಕೊಟ್ಟ ಮೇಲೆ ಅವನು ಬಾಗಿಲಿಗೆ ಬಂದು ನಿಂತಿದ್ದ. ಈಗ ಅವಳಿಗೆ ಉಳಿದಿರುವುದು ದೂರದಲ್ಲಿ ನರ್ಸಿಂಗ್ ಓದುವ ಮಗಳು ಮತ್ತು ಟಿಬುರ್ಸಿಯೊನ ಇ-ಮೇಲ್ ಪೆಟ್ಟಿಗೆ. ಅವನ ಖಾತೆಯಿಂದ, ಅವನ ಹೆಸರಿನಲ್ಲಿ ಬರೆಯುತ್ತಾಳೆ. ಮಗಳೂ "ಪ್ರಿಯ ಟಿಬುರ್ಸಿಯೊ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?" ಎಂದು ಕೇಳುತ್ತಾಳೆ.

ಉಳಿದದ್ದು ಪೋಷಕರ ಒಪ್ಪಿಗೆ. ಆ ಖಾತೆಯಲ್ಲಿ ಯಂತ್ರ ಒಪ್ಪಿದ ವಯಸ್ಕ ಒಬ್ಬನೇ. ಹಾಗಾಗಿ ಕೆಲವು ವಾರ ಒಬ್ಬ ತಾಯಿ ತನ್ನ ಮಗಳಿಗೆ ಪತ್ರ ಬರೆಯಬೇಕೆಂದಾಗಲೆಲ್ಲ ವಾಲ್ಮೀರ್ ಗೊಂಬೆಯನ್ನು ಹೊತ್ತು ತಂದು ಕ್ಯಾಮೆರಾದ ಮುಂದೆ ಬಗ್ಗಿಸಿ ಒಪ್ಪಿಗೆ ಕೊಡಿಸಿದ. "ಅಜ್ಜಾ, ಹೂಂ ಅನ್ನಪ್ಪ, ಬೆನ್ನು ಹೋಯ್ತು," ಎನ್ನುತ್ತಿದ್ದ. ಮಕ್ಕಳ ರಕ್ಷಣೆಗಾಗಿ ನೀವು ಮಾಡಿದ ಕಾನೂನು ನಮ್ಮಲ್ಲಿ ಹೀಗೆ ಅಕ್ಷರಶಃ ಪಾಲನೆಯಾಯಿತು.

ಮೊನ್ನೆ ಯಂತ್ರಕ್ಕೆ ಸಂಶಯ ಬಂತು. ಪೋಷಕರು ಕಣ್ಣು ಮಿಟುಕಿಸುತ್ತಿಲ್ಲವಂತೆ. ಖಾತೆಗೆ ಬೀಗ. ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ.

"ಟಿಬುರ್ಸಿಯೊ ಅವ್ರೇ ಮಾತಾಡ್ತಿರೋದಾ?" ಎಂದಳು ಒಬ್ಬ ಹುಡುಗಿ.

"ಇಲ್ಲಮ್ಮ, ಅವನು ಮಾತಾಡಲ್ಲ."

"ಅಯ್ಯೋ, ಹುಷಾರಿಲ್ವಾ ಸರ್?"

"ಹುಷಾರಾಗಿದಾನೆ. ಮೊನ್ನೆ ತಾನೇ ಬಣ್ಣ ಹೊಡ್ದೆ."

ಅವಳು ಏನನ್ನೋ ಟೈಪ್ ಮಾಡಿದಳು. "ಸರ್, ಅವ್ರು ಬದುಕಿದಾರಾ? ಇಲ್ಲಿ ಹೌದು ಅಥವಾ ಇಲ್ಲ, ಎರಡೇ ಇರೋದು."

"ಕಾರ್ನಿವಲ್‌ನಲ್ಲಿ ಹೌದು," ಎಂದೆ.

ಅವಳು ನಗುವನ್ನು ತಡೆದುಕೊಂಡದ್ದು ಕೇಳಿಸಿತು. ನಿಮ್ಮ ಇಲಾಖೆಯಲ್ಲಿ ನನಗೆ ಭರವಸೆ ಮೂಡಿದ್ದು ಆಗ ಮಾತ್ರ.

ಮಕ್ಕಳನ್ನು ಕಾಯಬೇಡಿ ಎನ್ನುವಷ್ಟು ಮೂರ್ಖ ನಾನಲ್ಲ. ಕಬ್ಬಿನ ಸಾರಾಯಿ ಕೇಳಿದವನ ವಯಸ್ಸನ್ನು ಅಂಗಡಿಯವನು ಕೇಳಲಿ, ಕೇಳಲೇಬೇಕು. ಆದರೆ ಆಪರೇಟಿಂಗ್ ಸಿಸ್ಟಮ್ ಅಂಗಡಿಯಲ್ಲ ಸ್ವಾಮಿ, ಅದು ಬೀದಿ. ಅಂಗಡಿಗೂ ಇಗರ್ಜಿಗೂ ಮಗಳ ಮನೆಗೂ ಅದೇ ದಾರಿ. ಬೀದಿಯೇ ಎದ್ದು ನಿಂತು ಪ್ರತಿ ಹೆಜ್ಜೆಗೂ ನೀನು ಯಾರು, ಹುಟ್ಟಿದ್ದು ಯಾವಾಗ, ಮುಖ ತೋರಿಸು ಎಂದರೆ ಮೊದಲು ಮನೆಯೊಳಗೆ ಉಳಿಯುವವರು ಯಾರು? ತುಂಟ ಹುಡುಗರಲ್ಲ. ಅವರು ನಮ್ಮದಕ್ಕಿಂತ ದೊಡ್ಡ ಗೊಂಬೆ ಹುಡುಕಿಕೊಳ್ಳುತ್ತಾರೆ. ಉಳಿಯುವವಳು ಜಂಡೀರಾ. ಕೂಡಿಟ್ಟ ಮುಖಗಳನ್ನು ಭದ್ರವಾಗಿ ಕಾಯುತ್ತೇವೆ ಎನ್ನುತ್ತೀರಿ. ಅವಳ ಚೀಟಿಯನ್ನೂ ಯಾರೋ ಭದ್ರವಾಗಿಯೇ ಕಾಯುತ್ತಿದ್ದರು.

ಈಗ ಅವಸರದ ಮಾತು. ಮಗಳು ಕಾರ್ನಿವಲ್‌ಗೆ ಬರುವವಳಿದ್ದಾಳೆ. ತಾಯಿ ಮಗಳು ಮುಖ ನೋಡಿ ವರ್ಷಗಳಾದವು. ಯಾವ ದಿನ ಬರುತ್ತಾಳೆ, ಎಲ್ಲಿ ಇಳಿಯುತ್ತಾಳೆ ಎಂಬ ಉತ್ತರ ಆ ಬೀಗದ ಒಳಗಿದೆ. ಬೀಗ ತೆಗೆಸಿ. ಬೀದಿಯಲ್ಲಿ ನಡೆಯುವವರ ಮುಖ ಕೇಳುವ ನಿಯಮವನ್ನು ಹಿಂತೆಗೆದುಕೊಳ್ಳಿ. ಎರಡೂ ಆಗದಿದ್ದರೆ ಟಿಬುರ್ಸಿಯೊಗೆ ಒಂದು ಗುರುತಿನ ಚೀಟಿ ಕೊಡಿ; ಭಾವಚಿತ್ರ ನಾನೇ ಬರೆದುಕೊಡುತ್ತೇನೆ.

ಏನೂ ಮಾಡಲಾಗದಿದ್ದರೆ ನಾವು ಎಲ್ಲ ದಿನವೂ, ಎಲ್ಲ ಇಳಿಜಾರುಗಳಲ್ಲೂ ಅವನನ್ನು ಮೆರೆಸುತ್ತೇವೆ. ಎಷ್ಟೇ ಜನಜಂಗುಳಿಯಿದ್ದರೂ ಹುಡುಗಿಗೆ ಅವನ ತಲೆ ಕಾಣುತ್ತದೆ, ಅವನನ್ನು ಅವಳು ಬಲ್ಲಳು. ಜಂಡೀರಾ ಈಗಲೇ ಅವನನ್ನು ಹೊರಲು ಕಲಿಯುತ್ತಿದ್ದಾಳೆ. ಅವಳು ಕುಳ್ಳಿಯಾದ್ದರಿಂದ ವಾಲ್ಮೀರ್ ಗೊಣಗುತ್ತಲೇ ಅಂಗಿಯ ಕಿಂಡಿಯನ್ನು ಒಂದು ಗೇಣು ಕೆಳಗೆ ಇಳಿಸಿದ್ದಾನೆ. ಮೆರವಣಿಗೆ ನಿಮ್ಮ ಕಚೇರಿಯ ಮುಂದೆಯೂ ಹಾದುಹೋಗುತ್ತದೆ. ಕೆಳಗಿಳಿದು ಬಂದು ಟಿಬುರ್ಸಿಯೊಗೆ ಕೈ ಬೀಸಿ. ಬಗ್ಗಿ ಮಾತ್ರ ನೋಡಬೇಡಿ.

ಇಂತಿ,
ಮುಖ ಬರೆಯುವುದೇ ಕಸುಬಾಗಿಯೂ ತನ್ನ ಮುಖ ತೋರಿಸಲೊಪ್ಪದ,
ನಿಮ್ಮ ಯಂತ್ರದ ಲೆಕ್ಕದಲ್ಲಿ ವಯಸ್ಸು ಇನ್ನೂ ತೀರ್ಮಾನವಾಗದ
ಒಲಿಂಡಾದ ಒಬ್ಬ ಬಳಕೆದಾರ