ಜುಲೈ ತಿಂಗಳ ನವರಂಗ

ಗೋವಿಂದರಾಜನಗರ, ಬೆಂಗಳೂರು
೮ ಆಗಸ್ಟ್ ೧೯೭೬

ಪ್ರೀತಿಯ ಏಕಾಂತಣ್ಣಾ,

ನಿನ್ನ ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಅವ್ವನ ಮಂಡಿನೋವು ಹಾಗೇ ಇದೆ. ಮಗನಿಗೆ ಮೈಸೂರಿನ ಗಿರಣಿಯಲ್ಲಿ ಕೆಲಸ ಸಿಕ್ಕಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನು ಮಾತ್ರ ನಿನ್ನನ್ನು ನಂಬುತ್ತಿಲ್ಲ.

ಕಾರಣ, ನಿನ್ನ ಜುಲೈ ಕಾಗದದ ಹಕ್ಕಿ. ನಿನ್ನ ಕೋಣೆಯ ಹಿಂದೆ ಪೊದೆಯಡಿ ಒಂದು ಸಿಳ್ಳಾರ ಕುಪ್ಪಳಿಸುತ್ತ, ತರಗೆಲೆ ಮಗುಚಿ ಹುಳು ತಿನ್ನುತ್ತದೆ. ಹಸಿರು ಬೆನ್ನು, ನೀಲಿ ಭುಜ, ಬಾಲದಡಿ ಕೆಂಪು, ಬೆಳಿಗ್ಗೆ ಸಂಜೆ ಎರಡೇ ಸ್ವರದ ಸಿಳ್ಳು ಎಂದು ನೀನು ಬರೆದಿದ್ದೆ. ಅವ್ವನಿಗೆ ಓದಿ ಹೇಳುವಾಗ ಮುಂದಿನ ಕೋಣೆಯ ಬಾಡಿಗೆಯವರು, ಪ್ರಾಣಿಶಾಸ್ತ್ರದ ಮೇಷ್ಟ್ರು ಗೋಪೀನಾಥ, ಕಿವಿಗೊಟ್ಟಿದ್ದರು. “ಅದು ಸಿಳ್ಳಾರ ಅಲ್ಲಮ್ಮ, ನವರಂಗ. ಅದರ ಕುಟುಂಬಾನೇ ಬೇರೆ,” ಎಂದರು. ಎರಡೂ ನೆಲದಲ್ಲಿ ಹುಳು ಹುಡುಕುತ್ತವೆಂದು ಹಿಂದಿನವರು ಒಟ್ಟಿಗೆ ಸೇರಿಸಿದ್ದರಂತೆ. ಗಂಟಲು ಸೀಳಿ ನೋಡಿದ ಮೇಲೆ, ಹಾಡುವ ಹಕ್ಕಿಗಳ ಸ್ನಾಯುಗಳು ನವರಂಗಕ್ಕಿಲ್ಲವೆಂದು ಬೇರೆ ಮಾಡಿದರಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಸಿಳ್ಳಾರ ಆದ್ರೆ ಮೈಸೂರಲ್ಲಿ ವರ್ಷವೆಲ್ಲ ಇರುತ್ತೆ. ನವರಂಗ ನಮ್ಮ ಕಡೆ ಬರೋದು ಚಳಿಗಾಲಕ್ಕೆ. ಜುಲೈನಲ್ಲಿ ಉತ್ತರದ ಕಾಡಲ್ಲಿ ಮರಿ ಮಾಡ್ತಿರುತ್ತೆ. ನಿಮ್ಮಣ್ಣ ನಿಜವಾಗ್ಲೂ ಮೈಸೂರಲ್ಲೇ ಇದಾರೇನ್ರೀ?”

ಅವ್ವ ನಕ್ಕಳು. ನಾನು ಕಾಗದ ಮಡಚಿಟ್ಟೆ. ಕಾರ್ಖಾನೆ ಗೇಟಿನಲ್ಲಿ ಕರಪತ್ರ ಹಂಚಿದ ನಿನ್ನ ಗೆಳೆಯರನ್ನೆಲ್ಲ ಪೊಲೀಸರು ಹಿಡಿದ ವಾರವೇ ನೀನು ಕೆಲಸ ಸಿಕ್ಕಿತೆಂದು ಹೊರಟವನು. ನಿನ್ನ ಕಾಗದಗಳನ್ನು ಮೈಸೂರಿನಲ್ಲಿ ಅಂಚೆಗೆ ಹಾಕುವವನು ಅಲ್ಲಿನ ನಿನ್ನ ಗೆಳೆಯ ಪುರುಷೋತ್ತಮನೇ ಇರಬೇಕು. ನಾಳೆ ಅವನು ಇಲ್ಲಿಗೆ ಬರುತ್ತಾನೆ; ಇದನ್ನು ಅವನ ಕೈಗೇ ಕೊಡುತ್ತೇನೆ. ಸುಳ್ಳು ಹೇಳುವವರಿಗೆ ತಲೆಬಾಗಬೇಡ ಎಂದು ನನಗೆ ಕಲಿಸಿದವನು ನೀನು. ಹೆತ್ತವ್ವನಿಗೇ ಸುಳ್ಳು ಬರೆಯುತ್ತೀಯಲ್ಲ ಎಂದು ಮೂರು ದಿನ ನಿನ್ನ ಮೇಲೆ ಉರಿದುಬಿದ್ದೆ ಕಣೋ.

ಮೇಷ್ಟ್ರು ಈಗ ದಿನವೂ ಕೇಳುತ್ತಾರೆ: “ಕಾಗದ ಬಂತಾ? ಸರಿಯಾದ ಜಾಗ ಗೊತ್ತಾದ್ರೆ ಹಕ್ಕಿಗಳ ಪತ್ರಿಕೆಗೆ ಬರೀತೀನಿ.” ಗುರುವಾರ ಮಾಗಡಿ ರಸ್ತೆಯ ತಿರುವಿನಲ್ಲಿ, ಜೀಪಿನ ಪಕ್ಕ ನಿಂತು ಇಬ್ಬರೊಡನೆ ಮಾತಾಡುತ್ತಿದ್ದರು. ಅವರದು ಹಕ್ಕಿಯ ಹುಚ್ಚೋ, ಬೇರೆ ಯಾರದೋ ಕೆಲಸವೋ, ನನಗೆ ತಿಳಿಯುತ್ತಿಲ್ಲ.

ಅವ್ವನ ಆಶೀರ್ವಾದ ನಿನ್ನ ಮೇಲಿರಲಿ. ಎಲ್ಲಿದ್ದರೂ ಬೆಚ್ಚಗೆ ಹೊದ್ದುಕೋ.

ನಿನ್ನ ತಂಗಿ,
ನೀಲಾ

ಮರೆತಿದ್ದೆ: ಆ ಕಾಗದವನ್ನು ಒಲೆಗೆ ಹಾಕಿದ್ದೇನೆ. “ಬಣ್ಣಗಳನ್ನು ಕ್ಯಾಲೆಂಡರಿನ ಚಿತ್ರ ನೋಡಿ ಬರೆದಿದ್ದೆ; ನಿಜಕ್ಕೂ ಅದು ಸಿಳ್ಳಾರವೇ, ತಲೆ ಕಿತ್ತಳೆ, ಮಳೆ ನಿಂತ ಮೇಲೆ ಬಹಳ ಹೊತ್ತು ಹಾಡಿತು” ಎಂದು ನೀನು ಬೇಗ ಇನ್ನೊಂದು ಬರೆ. ಮೇಷ್ಟ್ರಿಗೆ ಕೇಳಿಸುವಂತೆ ನಾನೇ ಜೋರಾಗಿ ಓದುತ್ತೇನೆ.