ಜ್ಲಾಟ್ಕೊ ವಿರುದ್ಧ ಕಟ್ಟಿದ ಪಂದ್ಯ

ಪ್ಲಾಂಕೆನ್, ಸೋಮವಾರ

ಮುನಿಸಿಕೊಂಡು ಕೂತಿರುವ ಅಕ್ಕನ ಮಗಳು ಮರ್ಲೀಸ್‌ಗೆ,

ನಮ್ಮ ದೇಶವನ್ನಾಳುವ ವಾಡುಜ್ ಕೋಟೆಯ ರಾಜಕುಮಾರರು ನನ್ನನ್ನು ಕೇಳದೆ ಒಂದು ಕಾಗದಕ್ಕೂ ಸಹಿ ಹಾಕುವುದಿಲ್ಲ, ಅದು ಲೋಕಕ್ಕೇ ಗೊತ್ತು. ಆದರೆ ನಿನ್ನ ಗಂಡ ಜ್ಲಾಟ್ಕೊಗೆ ಪೌರತ್ವ ಕೊಡಬೇಕೋ ಬೇಡವೋ ಎಂದು ಮತ ಹಾಕುವವರು ನಮ್ಮ ಊರಿನವರು. ಅಲ್ಲಿ ಬೇರೆ ಬುದ್ಧಿ ಓಡಿಸಬೇಕಾಯಿತು.

ಬಾರಿನಲ್ಲಿ ನಾನು ಅವನ ವಿರುದ್ಧ ಪಂದ್ಯ ಕಟ್ಟಿದೆನೆಂದು ಯಾರೋ ನಿನ್ನ ಕಿವಿಗೆ ಹಾಕಿದ್ದಾರೆ. ನಿಜ, ಕಟ್ಟಿದೆ. ಅವತ್ತು ಎಗೋನ್ ಬೆಕ್ ಬಿಯರ್ ಹೀರುತ್ತಾ, "ಹನ್ನೆರಡು ವರ್ಷದಿಂದ ನಮ್ಮನೆ ಛಾವಣಿ ರಿಪೇರಿ ಮಾಡ್ತಾನೆ, ಒಳ್ಳೆಯವ್ನೇ. ಆದ್ರೂ ಹೊರಗಿನವ್ನು ಕಣಯ್ಯ," ಅಂದ. ಸುತ್ತ ಕೂತವರೆಲ್ಲ ತಲೆಯಾಡಿಸಿದರು.

"ಅವ್ನು ಸೋಲ್ತಾನೆ ಬಿಡ್ರಪ್ಪ," ಅಂದೆ ನಾನು. "ಸೋತ್ರೆ ನನಗೊಂದೊಂದು ಬಿಯರ್ ಕೊಡ್ಸಿ. ಗೆದ್ರೆ ತಲೆಗೆ ನೂರು ಫ್ರಾಂಕ್ ಎಣಿಸ್ತೀನಿ."

"ಆಮೇಲೆ ಮಾತು ತಪ್ಪಬಾರ್ದು, ಬಡಾಯಿ ಫೆರ್ಡಿ," ಎಂದು ಎಗೋನನೇ ಮೊದಲು ಕೈ ಚಾಚಿದ. ಅವನ ಹಿಂದೆಯೇ ಬಾರಿನಲ್ಲಿದ್ದವರೆಲ್ಲ ಕೈ ಚಾಚಿದರು.

ನನ್ನ ಜೇಬು ಖಾಲಿ ಮಾಡುವ ಸುಖವನ್ನು ಈ ಊರಿನಲ್ಲಿ ಯಾರೂ ಬಿಡುವುದಿಲ್ಲ. ಹೆಂಡತಿಯರನ್ನೂ ಅತ್ತೆಮಾವಂದಿರನ್ನೂ ಒಪ್ಪಿಸಿ ಜ್ಲಾಟ್ಕೊ ಪರವೇ ಮತ ಹಾಕಿಸಿದರು. ಎಣಿಕೆಯಲ್ಲಿ ಜ್ಲಾಟ್ಕೊ ಹದಿನೇಳು ಮತಗಳಿಂದ ಗೆದ್ದದ್ದು ನಿನಗೂ ಗೊತ್ತು. ಈಗ ಹೇಳು, ನಾನು ಯಾರ ಕಡೆ?

ಗುರುವಾರ ಇಬ್ಬರೂ ಊಟಕ್ಕೆ ಬನ್ನಿ. ಬರುವಾಗ ಜ್ಲಾಟ್ಕೊ ಏಣಿ ತರಲಿ, ನಮ್ಮ ಛಾವಣಿಯೂ ಸೋರುತ್ತಿದೆ. ನನ್ನ ಹೆಂಡತಿ, ಅದೇ ನಿನ್ನ ಅತ್ತೆ, ಕೇಳಿದರೆ, ನಾನು ಸೋತದ್ದು ಇನ್ನೂರು ಫ್ರಾಂಕ್ ಎಂದೇ ಹೇಳಬೇಕು.

ಸೋತರೂ ತಲೆ ಎತ್ತಿ ತಿರುಗುತ್ತಿರುವ ನಿನ್ನ ಮಾವ,
ಫೆರ್ಡಿ

ನಿನ್ನೊಬ್ಬಳಿಗೆ ಮಾತ್ರ: ಮೂರು ಸಾವಿರದ ನಾನೂರು.