ಗ್ಲಾಶಾ ತಲೆ ಬಗ್ಗಿಸಲಿಲ್ಲ

ಮಿರ್ದಿಫ್, ದುಬೈ
೨೬ ಏಪ್ರಿಲ್ ೨೦೨೫, ಶನಿವಾರ

ಡಿಕ್ಸನ್‌ಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಸೇರಿಸಲು ಕೈ ಬರಲಿಲ್ಲ. ಕೊಂಕಣಿಯಲ್ಲಿ ಬರೆಯೋಣವೆಂದು ಕುಳಿತರೆ ಮೊದಲು ಬೈಗುಳವೇ ಬಂತು. ಅದಕ್ಕೇ ಶಿರ್ವದ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರಲ್ಲಾದರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ಮೊನ್ನೆ ಮಸೂದ್ ಭಾಯಿ ಅಬುಧಾಬಿಯಿಂದ ಬಂದವರು ನಿನ್ನ ಮಾತು ಮುಟ್ಟಿಸಿದರು. ನಿನ್ನ ಜಿಮ್ನಾಸ್ಟಿಕ್ಸ್ ಕ್ಲಬ್ಬಿನಲ್ಲಿ ಈಗ ಒಂಬತ್ತೇ ಮಕ್ಕಳಂತೆ. ಅದು ಕೈತಪ್ಪಿ ಆದದ್ದು, ಬೇಕೆಂದು ಮಾಡಿದ್ದಲ್ಲ ಅಂತ ನಾನು ಒಂದು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ಬಿಟ್ಟು ಹೋದವರೆಲ್ಲ ವಾಪಸು ಬರುತ್ತಾರಂತೆ. ಈಸ್ಟರ್ ಕಳೆದು ವಾರವೂ ಆಗಿಲ್ಲ, ಕ್ಷಮಿಸಲು ಇದೇ ಸಮಯ ಅಂತ ಬೇರೆ ಹೇಳಿ ಕಳುಹಿಸಿದ್ದೀಯಂತೆ. ಪಾಪ, ಮಸೂದ್ ಭಾಯಿ ಚಹಾದ ಲೋಟ ಹಿಡಿದುಕೊಂಡು, ಖಲಾಸ್ ಮಾಡಿ ರೀಮಾ ಬಾಯಿ, ಎಷ್ಟು ದಿನ ಅಂತ ಎಳೆಯುತ್ತೀರಿ ಅಂದರು. ಅವರಿಗೆ ಇನ್ನೊಂದು ಲೋಟ ಚಹಾ ಕೊಟ್ಟೆ. ನಿನಗೆ ಈ ಕಾಗದ. ನಿನಗೆ ಬೇಕಾದ ಆ ಒಂದು ಸಾಲು ಇದರಲ್ಲಿ ಎಲ್ಲಿಯೂ ಇಲ್ಲ, ಹುಡುಕಬೇಡ.

ಏನು ಮಾಡಿದೆ ಎಂಬುದನ್ನು ನಿನ್ನ ಬಾಯಿಂದ ಒಮ್ಮೆಯೂ ನೀನು ಹೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ, ಓದು.

ಗ್ಲಾಶಾ ಐದು ವರ್ಷದವಳಿದ್ದಾಗ ಅವಳ ತಾಯಿ ರಷ್ಯಾದ ವೊರೊನೆಜ್ ಊರಿನ ಜಿಮ್ನಾಸ್ಟಿಕ್ಸ್ ಶಾಲೆಗೆ ಬಿಟ್ಟಳು. ಹದಿಮೂರಕ್ಕೆ ಕಿರಿಯರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೀಮ್ ಮೇಲೆ ಎರಡನೆಯ ಸ್ಥಾನ. ಅಂಗೈ ಅಗಲದ ಆ ತೊಲೆಯ ಮೇಲೆ ಅವಳು ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದಳಂತೆ. ಹದಿನಾರಕ್ಕೆ ಮಣಿಕಟ್ಟು ಮುರಿಯಿತು, ಎರಡು ವರ್ಷ ಹೋಯಿತು. ಇಪ್ಪತ್ತೊಂದರಲ್ಲಿ ದೇಶದ ತಂಡದಲ್ಲಿ ಮೀಸಲು ಆಟಗಾರ್ತಿಯಾದಳು. ಅಂದರೆ ತಂಡದ ಬಟ್ಟೆ ಹಾಕಿಕೊಂಡು, ಮೈ ಬಿಸಿ ಮಾಡಿಕೊಂಡು, ಆಮೇಲೆ ಗ್ಯಾಲರಿಯಲ್ಲಿ ಕುಳಿತು ಬೇರೆಯವರಿಗೆ ಚಪ್ಪಾಳೆ ತಟ್ಟುವ ಕೆಲಸ. ಮರುವರ್ಷ ಮುಖ್ಯ ತಂಡದ ಪಟ್ಟಿಯಲ್ಲಿ ಮೊದಲ ಬಾರಿ ಅವಳ ಹೆಸರು ಬಂತು. ಅದೇ ತಿಂಗಳು ಯುದ್ಧ ಶುರುವಾಗಿ ಅವರ ದೇಶದವರಿಗೆಲ್ಲ ಹೊರಗಿನ ಬಾಗಿಲು ಮುಚ್ಚಿತು. ಹದಿನೇಳು ವರ್ಷ ದುಡಿದ ಮೈ ಅದು. ಒಂದು ಸಲವೂ ಹೊರದೇಶದ ಬೀಮ್ ಹತ್ತಿರಲಿಲ್ಲ.

ಹಾಗೆ ಬಂದವಳನ್ನು ನೀನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಿನ್ನ ಕ್ಲಬ್ಬಿಗೆ ಕೋಚ್ ಮಾಡಿಕೊಂಡೆ. ಒಳ್ಳೆಯದೇ ಮಾಡಿದೆ, ಅಲ್ಲಿಯವರೆಗೆ ನಿನ್ನ ಮೇಲೆ ನನ್ನ ತಕರಾರಿಲ್ಲ. ಅವಳ ಫೋಟೋ ದೊಡ್ಡದು ಮಾಡಿ ಗೋಡೆಗೆ ಹಾಕಿದೆ, ಮಕ್ಕಳು ಸಾಲು ಹಚ್ಚಿದರು. ಮೇಲಿನ ಕೋಣೆ ಖಾಲಿಯಿದೆ ಅಂತ ನಮ್ಮ ವಿಲ್ಲಾದಲ್ಲೇ ಇರಿಸಿಕೊಂಡೆವು. ನಾನು ಶನಿವಾರ ಶನಿವಾರ ಕ್ಲಬ್ಬಿಗೆ ಬಂದು ಫಿಸಿಯೋಥೆರಪಿಸ್ಟ್ ಆಗಿ ಮಕ್ಕಳ ಕಾಲು ಕೈ ನೋಡುತ್ತಿದ್ದೆ. ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಬೀಮ್ ಹತ್ತುವುದನ್ನು ನಾನೂ ನೀನೂ ಎಷ್ಟು ಸಲ ನಿಂತು ನೋಡಿಲ್ಲ? ಧ್ವಜವಿಲ್ಲದೆ, ತಟಸ್ಥ ಆಟಗಾರ್ತಿಯಾಗಿ ಸ್ಪರ್ಧಿಸಲು ಬಿಡುತ್ತಾರೆ ಅಂತ ಸುದ್ದಿ ಬಂದಾಗ ಅರ್ಜಿ ಹಾಕು ಅಂತ ಹುರಿದುಂಬಿಸಿದವನೂ ನೀನೇ. ಕ್ಲಬ್ಬಿನ ವಿಳಾಸದಿಂದ ಅರ್ಜಿ ಹೋಯಿತು. ಆ ಮೇಲ್ ತೆರೆಯುವವನು ನೀನೊಬ್ಬನೇ.

ಒಪ್ಪಿಗೆ ಬಂದದ್ದು ಕಳೆದ ವರ್ಷ ಮಾರ್ಚ್‌ನಲ್ಲಿ. ಜೂನ್ ಕೊನೆಯೊಳಗೆ ಅವಳು ಸಹಿ ಹಾಕಿ ಹಿಂದಿರುಗಿಸಬೇಕಿತ್ತು. ಅವಳು ದಿನಾ ಕೇಳುತ್ತಿದ್ದಳು. ನೀನು ದಿನಾ, ಉತ್ತರ ಮಾಫಿ, ಇನ್ನೂ ಬಂದಿಲ್ಲ ಅನ್ನುತ್ತಿದ್ದೆ. ಜುಲೈ ಮೊದಲ ವಾರ ಮುಖ ಸಣ್ಣ ಮಾಡಿಕೊಂಡು ತಿರಸ್ಕಾರವಾಯಿತು ಅಂತ ಹೇಳಿದೆ. ಅವಳು ಗೋಡೆಗೆ ಒರಗಿ ಕುಳಿತು ಅತ್ತಾಗ ನೀರು ತಂದುಕೊಟ್ಟವನೂ ನೀನು.

ನಿನ್ನನ್ನು ಹಿಡಿದುಕೊಟ್ಟದ್ದು ಯಾರು ಗೊತ್ತೇ? ನಿನ್ನ ಜಿಪುಣತನ. ಒಂದು ಬದಿ ಪ್ರಿಂಟ್ ಆದ ಹಾಳೆಯನ್ನು ನೀನು ಯಾವತ್ತು ಬಿಸಾಡಿದ್ದೀಯ? ಎಲ್ಲವನ್ನೂ ಪ್ರಿಂಟರಿನ ಟ್ರೇಗೆ ತುರುಕಿ ಹಿಂಬದಿಯಲ್ಲಿ ಹಾಜರಿ ಪಟ್ಟಿ, ವ್ಯಾಯಾಮದ ಪಟ್ಟಿ ತೆಗೆಸುವವನು. ಅದಕ್ಕೆ ನಿನ್ನನ್ನು ಎಷ್ಟು ಗೇಲಿ ಮಾಡಿದ್ದೇನೆ. ಮಿನ್ಹಾ ಎಂಬ ಹುಡುಗಿಯ ಪಾದ ಉಳುಕಿದಾಗ ರಿಸೆಪ್ಷನ್ನಿನ ನಾಫಿಯಾ ಒಂದು ವ್ಯಾಯಾಮದ ಪಟ್ಟಿ ತೆಗೆದುಕೊಟ್ಟಳು. ತಿರುಗಿಸಿ ನೋಡಿದರೆ ಗ್ಲಾಶಾಳ ಪೂರ್ತಿ ಹೆಸರು, ಒಪ್ಪಿಗೆ, ಕೊನೆಯ ದಿನಾಂಕ. ಆ ದಿನ ಕಳೆದು ಹನ್ನೊಂದು ದಿನವಾಗಿತ್ತು.

ನಾನು ಕೇಳಿದಾಗ ನೀನು ಸುಳ್ಳನ್ನೂ ಹೇಳಲಿಲ್ಲ. ಅವಳು ಹೋದರೆ ಮಕ್ಕಳೂ ಹೋಗುತ್ತಾರೆ ಮಾರಾಯ್ತಿ, ಇಪ್ಪತ್ತನಾಲ್ಕು ವರ್ಷದವಳು ಇನ್ನೇನು ಗೆಲ್ಲುತ್ತಾಳೆ ಅಂದೆ. ನಾನು ಪೆಟ್ಟಿಗೆ ಕಟ್ಟಿದ್ದು ಆ ಎರಡನೆಯ ಮಾತಿಗೆ. ಅದೇ ವಾರ ಗ್ಲಾಶಾಳನ್ನು ಕರೆದುಕೊಂಡು ಮಿರ್ದಿಫ್‌ಗೆ ಬಂದೆ. ಇವಳು ಏನು ಗೆಲ್ಲುತ್ತಾಳೆ ಎಂಬುದನ್ನು ಡಿಕ್ಸನ್‌ನ ಕೈಯಿಂದಲೇ ತೋರಿಸುತ್ತೇನೆ ಎಂದು ಕಾರಿನಲ್ಲೇ ನಿರ್ಧರಿಸಿದ್ದೆ. ಅವಳಿಗೆ ಹಾಳೆಯನ್ನು ತೋರಿಸಿದೆ, ಈ ನಿರ್ಧಾರವನ್ನು ಹೇಳಲಿಲ್ಲ.

ಏಳು ತಿಂಗಳು ಡಿಕ್ಸನ್. ಬೆಳಿಗ್ಗೆ ಐದಕ್ಕೆ ಇಲ್ಲಿನ ಕ್ಲಬ್ಬಿನ ಬೀಗ ತೆಗೆಸಿ ಅಭ್ಯಾಸ, ಏಳಕ್ಕೆ ನನ್ನ ಡ್ಯೂಟಿ. ಅವಳ ಅಂಗೈ ಸುಲಿದದ್ದಕ್ಕೆ ಮುಲಾಮು, ಮಂಡಿಗೆ ಐಸು, ಸೊಂಟಕ್ಕೆ ಟೇಪು, ಎಲ್ಲ ಈ ಕೈಗಳೇ ಮಾಡಿದ್ದು. ಬೀಮ್ ಮೇಲಿಂದ ಇಳಿಯುವಾಗ ಅವಳಿಗೆ ಎರಡು ದಾರಿಗಳಿದ್ದವು. ಒಂದು ಲಾಗ ಹಾಕಿ ಇಳಿಯುವುದು ಸುಲಭ, ಅಂಕ ಕಡಿಮೆ. ಗಾಳಿಯಲ್ಲೇ ಎರಡು ಲಾಗ ಹಾಕಿ ಇಳಿದರೆ ಗೆಲುವು. ದುಬೈ ಕೂಟದಲ್ಲಿ ಹೊರಗಿನವರಿಗೂ ಅತಿಥಿ ಸ್ಪರ್ಧಿಗಳಾಗಿ ಅವಕಾಶವಿದೆ ಅಂತ ಸಂಘಟಕರಲ್ಲಿ ಒಬ್ಬರಾದ ಮಸೂದ್ ಭಾಯಿ ಹೇಳಿದ ಕೂಡಲೇ ನಾನು ಎರಡು ಕೋರಿಕೆ ಇಟ್ಟೆ. ಒಂದು, ಗ್ಲಾಶಾಳ ಹೆಸರು. ಇನ್ನೊಂದು, ಬೀಮ್‌ನ ಪದಕ ಹಾಕಲು ಅಬುಧಾಬಿ ಕ್ಲಬ್ಬಿನ ಡಿಕ್ಸನ್ ಅವರನ್ನೇ ಕರೆಯಬೇಕು, ಅವರಿಗೆ ಬಹಳ ಖುಷಿಯಾಗುತ್ತದೆ. ನಿನಗೆ ಕೋಟು ಹಾಕಿಕೊಳ್ಳುವ ಅವಕಾಶ ಸಿಕ್ಕಿದರೆ ಬಿಡುವವನೇ? ಯಾರು ಗೆಲ್ಲಬಹುದು ಅಂತಲೂ ಕೇಳದೆ ಒಪ್ಪಿಕೊಂಡೆಯಂತೆ. ಜೊತೆಗೆ ನಿನ್ನ ಕ್ಲಬ್ಬಿನ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಎರಡು ಬಸ್ಸಿನಲ್ಲಿ ತುಂಬಿಸಿಕೊಂಡು ಬಂದೆ. ಅದನ್ನು ನಾನು ಕೇಳಿಕೊಂಡಿರಲೂ ಇಲ್ಲ!

ಫೆಬ್ರವರಿ ಎಂಟು. ನೀನು ಮುಂದಿನ ಸಾಲಿನಲ್ಲಿದ್ದೆ, ನಾನು ನಿನ್ನ ಮುಖ ಕಾಣುವ ಹಾಗೆ ಎದುರುಬದಿಯಲ್ಲಿ. ತೀರ್ಪುಗಾರರಿಗೆ ಕೈ ಎತ್ತಿ ತೋರಿಸಿ ಅವಳು ಬೀಮ್ ಹತ್ತಿದಾಗ ನಿನ್ನ ಬಾಯಿ ತೆರೆದುಕೊಂಡಿತು. ಒಂದೂವರೆ ನಿಮಿಷ ನಾನು ಅವಳನ್ನು ಅರ್ಧ, ನಿನ್ನನ್ನು ಅರ್ಧ ನೋಡಿದೆ. ಕೊನೆಗೆ ಎರಡು ಲಾಗ. ಎರಡೂ ಪಾದ ಊರಿ ನಿಂತಳು, ಒಂದು ಹೆಜ್ಜೆ ಆಚೀಚೆ ಇಲ್ಲ. ಮತ್ತೆ ಕೈ ಎತ್ತಿದಳು. ನಿನ್ನ ಕ್ಲಬ್ಬಿನ ಮಕ್ಕಳು ಎದ್ದು ನಿಂತು ಗ್ಲಾಶಾ, ಗ್ಲಾಶಾ ಅಂತ ಕಿರುಚುತ್ತಿದ್ದರು. ನೀನು ಕೋಟಿನ ಗುಂಡಿ ಹಾಕುತ್ತಾ ಬಿಚ್ಚುತ್ತಾ ಇದ್ದೆ.

ಪದಕ ಹಿಡಿದು ನೀನು ಮುಂದೆ ಬಂದಾಗ ಅವಳು ತಲೆ ಬಗ್ಗಿಸಲಿಲ್ಲ. ನಿನ್ನ ಕೈ ಗಾಳಿಯಲ್ಲೇ ಉಳಿಯಿತು. ಆ ಫೋಟೋ ನನ್ನ ಬಳಿಯಿದೆ, ಬೇಕಾದರೆ ಕಳುಹಿಸುತ್ತೇನೆ. ರಿಬ್ಬನ್ನನ್ನು ನಿನ್ನ ಕೈಯಿಂದ ತೆಗೆದುಕೊಂಡು ತಾನೇ ಹಾಕಿಕೊಂಡಳು. ಗೆದ್ದವರು ಎರಡು ಮಾತಾಡಲಿ ಎಂದು ಮೈಕು ಕೊಟ್ಟಾಗ ತನ್ನ ಮುರುಕು ಇಂಗ್ಲಿಷಿನಲ್ಲಿ, ಹೋದ ವರ್ಷ ನನಗೊಂದು ಒಪ್ಪಿಗೆಪತ್ರ ಬಂದಿತ್ತು, ಇವರು ಅದನ್ನು ನನಗೆ ಕೊಡಲಿಲ್ಲ, ಇಷ್ಟು ಹೇಳುವುದಕ್ಕೆ ನಾನು ಗೆಲ್ಲಬೇಕಾಯಿತು ಎಂದಳು. ಅಷ್ಟೇ. ಉಳಿದದ್ದನ್ನು ನಾನು ನೋಡಿಕೊಂಡೆ. ಹಾಳೆಯ ಎರಡೂ ಬದಿಯ ಫೋಟೋ ತೆಗೆದು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿದವಳು ನಾನೇ. ನಾಫಿಯಾಳ ಮೇಲೆ ಸಂಶಯಪಡಬೇಡ.

ಇದರಿಂದ ನನಗೆ ಏನು ಸಿಕ್ಕಿತು ಅಂತ ಮಸೂದ್ ಭಾಯಿ ಹತ್ತಿರ ಕೇಳಿದೆಯಂತೆ. ಸಂತೋಷ ಸಿಕ್ಕಿತು ಡಿಕ್ಸನ್. ನಿಜ ಹೇಳುತ್ತೇನೆ, ಹನ್ನೊಂದು ವರ್ಷದ ಸಂಸಾರದಲ್ಲಿ ಸಿಗದಷ್ಟು ಸಂತೋಷ. ಗ್ಲಾಶಾ ಪಕ್ಕದ ಕೋಣೆಯಲ್ಲಿ ವಿಶ್ರಾಂತಿಯಲ್ಲಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಮತ್ತೊಂದು ಕೂಟಕ್ಕೆ ಕರೆ ಬಂದಿದೆ. ನಿನ್ನ ಕ್ಲಬ್ಬಿನ ಬೋರ್ಡು ಇಳಿಸುವ ದಿನ ತಿಳಿಸು, ನೋಡಲು ಬರುತ್ತೇನೆ.

ಇನ್ನು ನಿನ್ನವಳಲ್ಲದ,
ರೀಮಾ

ಮರೆತ ಮಾತು: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಗ್ಲಾಶಾ ಸೆಪ್ಟೆಂಬರ್‌ಗೆ ಹೋಗುವುದಿಲ್ಲ. ಇನ್ನು ಯಾವ ಕೂಟಕ್ಕೂ ಹೋಗುವುದಿಲ್ಲ. ಅವತ್ತು ಇಳಿದ ಕೂಡಲೇ ಎಡ ಮಂಡಿಯ ಒಳಗಿನ ನಾರು ಪೂರ್ತಿ ಹರಿಯಿತು, ಅವಳು ಮೈಕು ಹಿಡಿದದ್ದು ಒಂದೇ ಕಾಲಿನ ಮೇಲೆ. ಮಾರ್ಚ್‌ನಲ್ಲಿ ಆಪರೇಷನ್ ಆಯಿತು. ನಡೆಯಬಹುದು, ಹಾರುವಂತಿಲ್ಲ ಅಂದರು ಡಾಕ್ಟರು. ಅದನ್ನು ನನಗೆ ಮಾತ್ರ ಹೇಳಿದರು, ನಾನು ಅವಳಿಗೆ ಆರು ತಿಂಗಳು ಎಂದಿದ್ದೇನೆ. ಕೂಟಕ್ಕೆ ಎರಡು ದಿನ ಮೊದಲು ಮುರಕ್ಕಬಾತ್‌ನ ಕ್ಲಿನಿಕ್ಕಿನಲ್ಲಿ ಅದೇ ಮಂಡಿಯ ಸ್ಕ್ಯಾನ್ ಮಾಡಿಸಿದ್ದೆವು. ನಾರು ಆಗಲೇ ಮುಕ್ಕಾಲು ಹರಿದಿದೆ, ಹಾರಲೇಬಾರದು ಅಂತ ವರದಿ ನನ್ನ ಮೇಲ್‌ಗೆ ಬಂತು. ಒಂದು ಲಾಗ ಸಾಕೇ, ಎರಡು ಹಾಕಲೇ ಅಂತ ಅವಳು ಕೇಳಿದಾಗ ಬರೀ ಊತ, ಎರಡು ಹಾಕು ಅಂದೆ. ಒಂದು ಹಾಕಿದ್ದರೆ ಮೂರನೆಯ ಸ್ಥಾನ, ಮೂರನೆಯವರಿಗೆ ಮೈಕು ಕೊಡುವುದಿಲ್ಲ. ಅವಳು ಈಗಲೂ ಐಸು ಇಟ್ಟಾಗಲೆಲ್ಲ ನನ್ನ ಕೈ ಹಿಡಿದು ಥ್ಯಾಂಕ್ಸ್ ಅನ್ನುತ್ತಾಳೆ. ನಿನ್ನನ್ನು ಕೇಳುವುದು ಒಂದೇ ಇದೆ. ಒಪ್ಪಿಗೆಪತ್ರ ಬಚ್ಚಿಟ್ಟುಕೊಂಡ ಆ ಮೂರು ತಿಂಗಳು ನೀನು ದಿನಾ ಅವಳ ಎದುರಿಗೆ ಕುಳಿತು ಹೇಗೆ ಊಟ ಮಾಡಿದೆ? ಬೇಗ ಬರೆದು ತಿಳಿಸು.